ಚೈನ್ ಹಾಕಿದ ಗಾಡಿ ಎಲ್ಲೂ ಮುಳುಗುವುದಿಲ್ಲವೇ? ಕಾರಟಗಿಯ ಗದ್ದೆಯಿಂದ ಹೆಪ್ಪುಗಟ್ಟಿದ ಕೆರೆಯವರೆಗೆ

ಹೆಪ್ಪುಗಟ್ಟಿದ ಕೆರೆಯ ಮೇಲೆ ನಾಲ್ಕು ಚಕ್ರದ ಪುಟ್ಟ ಗಾಡಿಯೊಂದು ಓಡುತ್ತಿರುತ್ತದೆ. ಟೈರ್ ಇರಬೇಕಾದ ಜಾಗದಲ್ಲಿ ತ್ರಿಕೋನಾಕಾರದ ರಬ್ಬರ್ ಚೈನ್‌ಗಳು. ಸವಾರ ಇಳಿದು ಐಸ್‌ಗೆ ತೂತು ಕೊರೆದು ಗಾಳ ಬಿಡುತ್ತಾನೆ. ಇಂಥ ವಿಡಿಯೊ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಅದರ ಕೆಳಗೆ "ಚೈನ್ ಹಾಕಿದರೆ ಗಾಡಿ ಎಲ್ಲೂ ಮುಳುಗಲ್ಲ" ಎಂಬ ಸಾಲೂ ಇರಬಹುದು. ಕಾರಟಗಿ, ಗಂಗಾವತಿ, ಸಿಂಧನೂರು ಕಡೆಯ ರೈತರಿಗೆ ಈ ಮಾತು ಹೊಸದೇನಲ್ಲ. ಭತ್ತದ ಕಟಾವಿಗೆ ಬರುವ ಚೈನ್ ಮಷಿನ್ ಬಗ್ಗೆಯೂ ಇದೇ ನಂಬಿಕೆ ಇದೆ. ಇದಕ್ಕೆ ತದ್ವಿರುದ್ಧವಾಗಿ "ಚೈನ್ ಮಷಿನ್ ಹೊಲಕ್ಕೆ ಇಳಿದರೆ ಭೂಮಿ ಹಾಳು" ಎನ್ನುವವರೂ ಇದ್ದಾರೆ. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ನಂಬಿ ನಡೆದರೆ ಹಣವಷ್ಟೇ ಅಲ್ಲ, ಜೀವವೂ ಹೋಗಬಹುದು.

ಚುಟುಕಾಗಿ ಉತ್ತರ

ಚೈನ್ ಗಾಡಿಯ ಭಾರವನ್ನು ಕಡಿಮೆ ಮಾಡುವುದಿಲ್ಲ, ಹರಡುತ್ತದೆ ಅಷ್ಟೆ. ಕಾಲಿಟ್ಟರೆ ಹೂಳುವ ಮೆತ್ತನೆ ಕೆಸರಿನಲ್ಲಿ ಭಾರ ಎಷ್ಟು ಹರಡಿದೆ ಎಂಬುದು ಮುಖ್ಯ. ಹಾಗಾಗಿ ಅಲ್ಲಿ ಚೈನ್ ಗೆಲ್ಲುತ್ತದೆ. ಆದರೆ ಕೆಳಗೆ ನೀರು ಅಥವಾ ಖಾಲಿ ಜಾಗ ಇರುವ ತೆಳು ಐಸ್, ಹಳೇ ಸ್ಲ್ಯಾಬ್, ಮೋರಿ ಇಂಥ ಕಡೆ ಒಟ್ಟು ಭಾರ ಎಷ್ಟು ಎಂಬುದೇ ಮುಖ್ಯ. ಅಲ್ಲಿ ಚೈನ್ ಕಾಪಾಡುವುದಿಲ್ಲ.

ಲೆಕ್ಕ ಹಾಕಿ ನೋಡೋಣ

ಬೇಸಿಗೆಯಲ್ಲಿ ಡಾಂಬರು ಮೆತ್ತಗಾದಾಗ ಬೈಕಿನ ಸೈಡ್ ಸ್ಟ್ಯಾಂಡ್ ಒಳಗೆ ಇಳಿಯುತ್ತದೆ. ಆಗ ಏನು ಮಾಡುತ್ತೇವೆ? ಸ್ಟ್ಯಾಂಡಿನ ಕೆಳಗೆ ಒಂದು ಚಪ್ಪಟೆ ಕಲ್ಲು ಇಡುತ್ತೇವೆ. ಬೈಕಿನ ತೂಕ ಒಂದು ಗ್ರಾಮೂ ಕಡಿಮೆಯಾಗಿಲ್ಲ, ಆದರೆ ಆ ತೂಕ ದೊಡ್ಡ ಜಾಗಕ್ಕೆ ಹಂಚಿತು. ಚೈನ್ ಮಾಡುವುದೂ ಇಷ್ಟೇ ಕೆಲಸ. ಗಾಡಿ ತನ್ನ ಮುಂದೆ ತಾನೇ ಹಲಗೆ ಹಾಸಿಕೊಂಡು, ಅದರ ಮೇಲೆ ನಡೆದು, ಹಿಂದಿನಿಂದ ಎತ್ತಿಕೊಂಡು ಮತ್ತೆ ಮುಂದೆ ಹಾಸಿದ ಹಾಗೆ.

ಒಂದು ಚೈನ್ ಮಷಿನ್ ಸುಮಾರು 3,400 ಕೆಜಿ ತೂಗುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ಚೈನ್ 50 ಸೆಂಟಿಮೀಟರ್ ಅಗಲ, ನೆಲಕ್ಕೆ ತಾಗುವ ಉದ್ದ 170 ಸೆಂಟಿಮೀಟರ್. ಎರಡೂ ಸೇರಿ 17,000 ಚದರ ಸೆಂಟಿಮೀಟರ್. ಭಾಗಿಸಿದರೆ ಒಂದು ಚದರ ಸೆಂಟಿಮೀಟರಿಗೆ ಬೀಳುವುದು 200 ಗ್ರಾಂ ಮಾತ್ರ.

60 ಕೆಜಿ ತೂಕದ ಮನುಷ್ಯ ಎರಡೂ ಕಾಲೂರಿ ನಿಂತರೆ ಹೆಚ್ಚು ಕಡಿಮೆ ಇಷ್ಟೇ ಒತ್ತಡ. ನಡೆಯುವಾಗ ಒಂದೇ ಕಾಲಿನ ಮೇಲೆ ಭಾರ ಬೀಳುವುದರಿಂದ ಒತ್ತಡ ಎರಡು ಪಟ್ಟಾಗುತ್ತದೆ. ಅಂದರೆ ಗದ್ದೆಯಲ್ಲಿ ನಡೆಯುವ ರೈತನ ಪಾದಕ್ಕಿಂತ ಮೂರೂವರೆ ಟನ್ ಮಷಿನ್ ನೆಲವನ್ನು ಹಗುರವಾಗಿ ಮುಟ್ಟುತ್ತದೆ! ನಿಂತ ಎತ್ತಿನ ಗೊರಸಿನ ಕೆಳಗಿನ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಒಂದೂವರೆ ಕೆಜಿ ಆಸುಪಾಸು. ಎತ್ತು ಹೂತ ಕೆಸರಿನಲ್ಲಿ ಚೈನ್ ಮಷಿನ್ ಸಲೀಸಾಗಿ ಓಡಾಡುವುದು ಇದಕ್ಕೇ.

ಟೈರ್ ಮೇಲೆ ಓಡುವ ದೊಡ್ಡ ಕಟಾವು ಯಂತ್ರ ಎಂಟು ಟನ್‌ಗೂ ಹೆಚ್ಚು ತೂಗುತ್ತದೆ. ಅದರ ಬಹುಪಾಲು ಬೀಳುವುದು ಮುಂದಿನ ಎರಡು ಟೈರ್‌ಗಳ ಮೇಲೆ. ಒಣ ಹೊಲದಲ್ಲಿ ಅದು ಬೇಗ ಕೆಲಸ ಮುಗಿಸುತ್ತದೆ, ಹಸಿ ಗದ್ದೆಯಲ್ಲಿ ಹೂತು ನಿಲ್ಲುತ್ತದೆ.

ಕಾರಟಗಿಗೆ ಇದು ಯಾಕೆ ಮುಖ್ಯ?

1953ರಲ್ಲಿ ತುಂಗಭದ್ರಾ ಜಲಾಶಯ ಆದ ಮೇಲೆ ಎಡದಂಡೆ ಕಾಲುವೆಯ ನೀರು ಹರಿದು ಈ ಭಾಗ ಭತ್ತದ ಕಣಜವಾಯಿತು. ಇಲ್ಲಿಯದು ಹೆಚ್ಚಾಗಿ ಎರೆ ಮಣ್ಣು. ಒಣಗಿದರೆ ಕಲ್ಲು, ನೆನೆದರೆ ಬೆಣ್ಣೆ. ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಮುಂಗಾರಿನ ಬೆಳೆ ಕಟಾವಿಗೆ ಬರುವ ನವೆಂಬರ್-ಡಿಸೆಂಬರ್‌ನಲ್ಲೇ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮಳೆ ಬರುವುದುಂಟು. ಭತ್ತ ನೆಲಕ್ಕೆ ಒರಗುತ್ತದೆ, ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಎರಡು ದಿನ ತಡವಾದರೆ ತೆನೆಯಲ್ಲೇ ಕಾಳು ಮೊಳಕೆಯೊಡೆಯುವ ಭಯ.

ಆಗ ಗಂಟೆ ಲೆಕ್ಕದಲ್ಲಿ ಹೆಚ್ಚು ಬಾಡಿಗೆಯಾದರೂ ಚೈನ್ ಮಷಿನ್‌ಗೆ ಬೇಡಿಕೆ. ಕೆಸರಿನಲ್ಲೂ ಒರಗಿದ ಬೆಳೆಯನ್ನು ಎತ್ತಿ ಕೊಯ್ಯಬಲ್ಲದು ಎಂಬುದು ನಿಜ. ಆದರೆ ಗದ್ದೆ ಒಣಗಿದ್ದು ಬೆಳೆ ನೆಟ್ಟಗೆ ನಿಂತಿದ್ದರೆ, ಕೇವಲ "ಚೈನ್ ಒಳ್ಳೆಯದು" ಎಂಬ ಮಾತು ಕೇಳಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಈ ಉಪಾಯ ಹುಟ್ಟಿದ್ದೇ ಕೆಸರು ಹೊಲದಲ್ಲಿ

ಚೈನ್ ಗಾಡಿ ಎಂದರೆ ಮೊದಲು ನೆನಪಾಗುವುದು ಯುದ್ಧದ ಟ್ಯಾಂಕ್. ಆದರೆ ಟ್ಯಾಂಕ್‌ಗಿಂತ ಮೊದಲು ಅದು ರೈತನ ಕೈಯಲ್ಲಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಸುತ್ತ ನದಿಮುಖಜ ಭೂಮಿಯ ಮಣ್ಣು ಎಷ್ಟು ಮೆತ್ತಗಿತ್ತೆಂದರೆ ಉಗಿ ಟ್ರ್ಯಾಕ್ಟರ್‌ಗಳು ಹೂತುಹೋಗುತ್ತಿದ್ದವು. ಬೆಂಜಮಿನ್ ಹೋಲ್ಟ್ ಮೊದಲು ಚಕ್ರಗಳನ್ನು ಅಗಲ ಮಾಡುತ್ತ ಹೋದರು. ಒಂದು ಟ್ರ್ಯಾಕ್ಟರಿನ ಒಟ್ಟು ಅಗಲ 46 ಅಡಿಗೆ ಮುಟ್ಟಿತು! ಕೊನೆಗೆ ಚಕ್ರವನ್ನೇ ತೆಗೆದು, ಮರದ ಪಟ್ಟಿಗಳನ್ನು ಜೋಡಿಸಿದ ಚೈನ್ ಹಾಕಿ 1904ರ ನವೆಂಬರ್ 24ರಂದು ಪರೀಕ್ಷೆ ಮಾಡಿದರು. ಕಂಬಳಿಹುಳದಂತೆ ತೆವಳುವುದರಿಂದ ಅದಕ್ಕೆ 'ಕ್ಯಾಟರ್‌ಪಿಲ್ಲರ್' ಎಂಬ ಹೆಸರು ಬಂತು. ಟ್ಯಾಂಕ್ ಮೊದಲ ಬಾರಿಗೆ ಯುದ್ಧಕ್ಕೆ ಇಳಿದದ್ದು ಆಮೇಲೆ, 1916ರಲ್ಲಿ.

ನಂಬಿಕೆ 1: ಚೈನ್ ಮಷಿನ್ ಭೂಮಿ ಹಾಳು ಮಾಡುತ್ತದೆ

ಪೂರ್ತಿ ನಿಜವಲ್ಲ. ನೇರವಾಗಿ ಓಡುವಾಗ ಮೇಲ್ಮಣ್ಣಿನ ಮೇಲೆ ಅದರ ಒತ್ತಡ ಟೈರ್ ಮಷಿನ್‌ಗಿಂತ ಕಡಿಮೆ. ಹಾನಿ ಆಗುವುದು ತಿರುಗುವಾಗ. ಸ್ಟೇರಿಂಗ್ ಚಕ್ರ ಇಲ್ಲದ ಕಾರಣ ಒಂದು ಚೈನ್ ನಿಲ್ಲಿಸಿ ಇನ್ನೊಂದನ್ನು ಓಡಿಸಿ ತಿರುಗಿಸುತ್ತಾರೆ. ಆಗ ಚೈನ್ ಮಣ್ಣನ್ನು ಅಡ್ಡಕ್ಕೆ ಕೆರೆದು ಗುಂಡಿ, ದಿಬ್ಬ ಮಾಡುತ್ತದೆ. ನಿಂತಲ್ಲೇ ಗಿರಕಿ ಹೊಡೆಸದೆ ಅಗಲವಾಗಿ ತಿರುಗಿಸಲು ಡ್ರೈವರ್‌ಗೆ ಹೇಳಿ.

ಇನ್ನೊಂದು ಸಂಗತಿ. ಮೇಲ್ಮಣ್ಣು ಎಷ್ಟು ಒತ್ತಿಕೊಳ್ಳುತ್ತದೆ ಎಂಬುದನ್ನು ನಿರ್ಧರಿಸುವುದು ಒತ್ತಡ. ಆಳದ ಮಣ್ಣು ಎಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಒಟ್ಟು ಭಾರ. ಧಾನ್ಯದ ಟ್ಯಾಂಕ್ ತುಂಬಿದರೆ ಮಷಿನ್ ಭಾರ ಹಲವು ಕ್ವಿಂಟಲ್ ಹೆಚ್ಚುತ್ತದೆ. ಹಸಿ ಗದ್ದೆಯಲ್ಲಿ ಟ್ಯಾಂಕ್ ತುಂಬುವವರೆಗೆ ಕಾಯದೆ ಬೇಗ ಬೇಗ ಖಾಲಿ ಮಾಡಿಸುವುದು ಒಳ್ಳೆಯದು.

ಭತ್ತದ ಗದ್ದೆಯಲ್ಲಿ ಅಡಿಯ ಗಟ್ಟಿ ಪದರ ಶತ್ರುವಲ್ಲ ಎಂಬುದೂ ಗೊತ್ತಿರಲಿ. ವರ್ಷಗಟ್ಟಲೆ ರೊಳ್ಳೆ ಹೊಡೆದು ಆದ ಆ ಪದರವೇ ನೀರನ್ನು ಹಿಡಿದಿಡುತ್ತದೆ, ಟ್ರ್ಯಾಕ್ಟರನ್ನೂ ಹೊರುತ್ತದೆ. ಭಾರದ ಗಾಡಿ ಅದನ್ನು ಒಡೆದು ಒಳಗಿಳಿದರೆ ಮುಂದಿನ ವರ್ಷ ಅದೇ ಜಾಗದಲ್ಲಿ ಟ್ರ್ಯಾಕ್ಟರ್ ಹೂಳುತ್ತದೆ. ಇದಕ್ಕೆ ಸುಲಭ ಮದ್ದು ಎಂದರೆ ಕಟಾವಿಗೆ ಕನಿಷ್ಠ ಒಂದು ವಾರದಿಂದ ಹತ್ತು ದಿನ ಮೊದಲೇ ನೀರು ಬಸಿಯುವುದು. ಎರೆ ಮಣ್ಣಿಗೆ ಇನ್ನೂ ಕೆಲವು ದಿನ ಹೆಚ್ಚು ಬೇಕು.

ನಂಬಿಕೆ 2: ಟ್ರ್ಯಾಕ್ಟರ್‌ಗೂ ಚೈನ್ ಹಾಕಿಸಿದರೆ ಕಷ್ಟವೇ ಇಲ್ಲ

ನಮ್ಮಲ್ಲಿ ಇದೇ ಕೆಲಸಕ್ಕೆ ಕಡಿಮೆ ಖರ್ಚಿನ ಕೇಜ್ ವೀಲ್ ಇದೆ. ಟೈರಿನ ಹಲ್ಲುಗಳ ನಡುವೆ ಎರೆ ಮಣ್ಣು ಮೆತ್ತಿಕೊಂಡರೆ ಟೈರ್ ನುಣ್ಣಗಾಗಿ ಜಾರುತ್ತದೆ. ಕೇಜ್ ವೀಲ್ ಕಬ್ಬಿಣದ ಪಂಜರದಂತಿರುವುದರಿಂದ ಕೆಸರು ಸಂದಿಯಿಂದ ಹೊರಬೀಳುತ್ತದೆ, ಪಟ್ಟಿಗಳು ಅಡಿಯ ಗಟ್ಟಿ ಪದರವನ್ನು ಕಚ್ಚುತ್ತವೆ.

ಆದರೆ ಅದನ್ನು ಬಿಚ್ಚದೆ ಡಾಂಬರು ರಸ್ತೆಗೆ ತರಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಸ್ತೆ ಮೇಲಿನ ಮೋಟಾರು ವಾಹನಕ್ಕೆ ಗಾಳಿ ತುಂಬಿದ ಟೈರ್ ಇರಬೇಕು. ಗದ್ದೆಯಲ್ಲಿ ಕಚ್ಚುವ ಅದೇ ಪಟ್ಟಿ ರಸ್ತೆಯನ್ನೂ ಕಚ್ಚಿ ಕೀಳುತ್ತದೆ. ಕಟಾವಿನ ಚೈನ್ ಮಷಿನ್ ಒಂದು ಊರಿಂದ ಇನ್ನೊಂದು ಊರಿಗೆ ಲಾರಿ ಮೇಲೆ ಹೋಗುವುದಕ್ಕೂ ಕಾರಣವಿದೆ. ರಬ್ಬರ್ ಚೈನ್ ಗಟ್ಟಿ ರಸ್ತೆಯಲ್ಲಿ ಬೇಗ ಸವೆಯುತ್ತದೆ, ಹೊಸದಕ್ಕೆ ದುಬಾರಿ ಬೆಲೆ.

ನಂಬಿಕೆ 3: ಚೈನ್ ಇದ್ದರೆ ತೆಳು ಐಸ್ ಮೇಲೂ ಹೋಗಬಹುದು

ಇದು ತಪ್ಪು, ಅಪಾಯಕಾರಿ ಕೂಡ. ಆರಂಭದಲ್ಲಿ ಹೇಳಿದ ವಿಡಿಯೊಗಳು ಸುಳ್ಳಲ್ಲ. ಅಮೆರಿಕದ ಮಿನ್ನೆಸೊಟಾ, ಕೆನಡಾದಂಥ ಕಡೆ ಚಳಿಗಾಲದಲ್ಲಿ ಹೀಗೆ ಮೀನು ಹಿಡಿಯುತ್ತಾರೆ. ಆದರೆ ಅವರು ಚೈನ್ ಹಾಕುವುದು ಐಸ್ ಮೇಲೆ ಬಿದ್ದ ಮೊಣಕಾಲುದ್ದದ ಹಿಮದಲ್ಲಿ ಗಾಡಿ ಹೂಳದಿರಲಿ ಎಂದು. ಹಿಮ ನಮ್ಮ ಕೆಸರಿದ್ದಂತೆ, ಅಲ್ಲಿ ಚೈನ್ ಕೆಲಸ ಮಾಡುತ್ತದೆ.

ಐಸ್ ಬೇರೆ. ಅದು ನೀರಿನ ಮೇಲೆ ತೇಲುವ ಹಾಳೆ. ಭಾರ ಬಿದ್ದಾಗ ಹಾಳೆ ಒಟ್ಟಾಗಿ ಬಾಗುತ್ತದೆ. ನುಲಿ ಮಂಚದ ನಡುವೆ ಕುಕ್ಕರಗಾಲಲ್ಲಿ ಕೂತರೂ ಚಕ್ಕಳಮಕ್ಕಳ ಹಾಕಿ ಕೂತರೂ ನುಲಿ ಹೊರಬೇಕಾದ್ದು ನಿಮ್ಮ ಪೂರ್ತಿ ತೂಕವನ್ನೇ. ಚೈನ್ ಭಾರವನ್ನು ಹರಡುವುದು ಎರಡು-ಮೂರು ಅಡಿ ಜಾಗಕ್ಕೆ. ಐಸ್ ಬಾಗುವುದು ಅದಕ್ಕಿಂತ ಎಷ್ಟೋ ದೊಡ್ಡ ಜಾಗದಲ್ಲಿ. ಆದ್ದರಿಂದ ಲಾಭ ಅತ್ಯಲ್ಪ. ನಾಲ್ಕು ಚೈನ್‌ಗಳ ಸೆಟ್ ಹಾಕಿದರೆ ಗಾಡಿಯ ತೂಕವೇ ಸುಮಾರು ನೂರು ಕಿಲೋ ಹೆಚ್ಚುತ್ತದೆ. ಅಂದರೆ ಚೈನ್ ಹಾಕಿದ ಗಾಡಿಗೆ ಬೇಕಾದ್ದು ಇನ್ನಷ್ಟು ದಪ್ಪ ಐಸ್!

ಮಿನ್ನೆಸೊಟಾದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸೂಚನೆ ಪ್ರಕಾರ ಹೊಸದಾಗಿ ಗಟ್ಟಿಯಾದ ತಿಳಿ ಐಸ್ ಮೇಲೆ ನಡೆಯಲು ಕನಿಷ್ಠ 4 ಇಂಚು ದಪ್ಪ ಇರಬೇಕು. ಸಣ್ಣ ಗಾಡಿಗೆ 5ರಿಂದ 7 ಇಂಚು, ಸಣ್ಣ ಕಾರಿಗೆ 9ರಿಂದ 10 ಇಂಚು. ಬೆಳ್ಳಗಿನ ಐಸ್ ಆದರೆ ಇದರ ಎರಡರಷ್ಟು ಬೇಕು. ಇಷ್ಟಿದ್ದರೂ ಯಾವ ಐಸೂ ನೂರಕ್ಕೆ ನೂರು ಸುರಕ್ಷಿತವಲ್ಲ ಎಂದೇ ಆ ಇಲಾಖೆ ಹೇಳುತ್ತದೆ. ಅಲ್ಲಿರುವ ನಿಮ್ಮ ಮಕ್ಕಳು, ಬಂಧುಗಳಿಗೆ ಕಳಿಸಬೇಕಾದ ಫಾರ್ವರ್ಡ್ ಇದು.

ನಮ್ಮೂರಿನ 'ತೆಳು ಐಸ್' ಯಾವುದು?

ಹೊಲಗಾಲುವೆ ಮೇಲೆ ಹಾಕಿದ ಹಳೇ ಸ್ಲ್ಯಾಬ್, ಬಿರುಕು ಬಿಟ್ಟ ಮೋರಿ. ಇವುಗಳ ಕೆಳಗೂ ಖಾಲಿ ಜಾಗ, ಇವೂ ಬಾಗಿ ಮುರಿಯುತ್ತವೆ. "ಚೈನ್ ಮಷಿನ್ ತಾನೇ, ಹಗುರ" ಎಂದು ದಾಟಿಸಬೇಡಿ. ಮಷಿನ್ ಲಾರಿ ಮೇಲಿದ್ದರಂತೂ ಎರಡೂ ಸೇರಿದ ಭಾರ ಲೆಕ್ಕಕ್ಕೆ ಬರುತ್ತದೆ. ಕಾಲುವೆಯ ಏರಿ ನೀರು ಕುಡಿದು ಮೆತ್ತಗಾಗಿದ್ದರೆ ಅಂಚಿನಿಂದ ದೂರ ಇರಿ.

ಟ್ರ್ಯಾಕ್ಟರ್ ಹೂತರೆ ಇದನ್ನು ಮಾತ್ರ ಮಾಡಬೇಡಿ

ಹಿಂದಿನ ಚಕ್ರ ಕೆಸರಿನಲ್ಲಿ ಸಿಕ್ಕಿ ತಿರುಗದಿದ್ದಾಗ ಕೆಲವರು ಚಕ್ರಕ್ಕೆ ಅಡ್ಡ ಮರದ ದಿಮ್ಮಿ ಕಟ್ಟಿ ಆಕ್ಸಿಲರೇಟರ್ ಒತ್ತುತ್ತಾರೆ. ಚಕ್ರ ತಿರುಗಲಾಗದಿದ್ದರೆ ಎಂಜಿನ್ನಿನ ಬಲ ಎಲ್ಲಿಗೆ ಹೋಗಬೇಕು? ಟ್ರ್ಯಾಕ್ಟರಿನ ದೇಹವೇ ಹಿಂದಿನ ಅಚ್ಚಿನ ಸುತ್ತ ತಿರುಗುತ್ತದೆ. ಮೂತಿ ಮೇಲೆದ್ದು ಇಡೀ ಟ್ರ್ಯಾಕ್ಟರ್ ಡ್ರೈವರ್ ಮೇಲೆ ಮಗುಚುತ್ತದೆ. ಇದಕ್ಕೆ ಎರಡು ಸೆಕೆಂಡೂ ಬೇಕಾಗಿಲ್ಲ. ಜಿಗಿಯಲು ಸಮಯ ಸಿಗುವುದಿಲ್ಲ.

• ಚಕ್ರ ಹೂಳತೊಡಗಿದ ಕೂಡಲೇ ನಿಲ್ಲಿಸಿ. ತಿರುಗಿಸಿದಷ್ಟೂ ಗುಂಡಿ ಆಳವಾಗುತ್ತದೆ.
• ಮುಂದಕ್ಕೆ ನುಗ್ಗಿಸುವ ಬದಲು ಚಕ್ರದ ಹಿಂದಿನ ಮಣ್ಣು ತೆಗೆದು, ನಿಧಾನವಾಗಿ ರಿವರ್ಸ್‌ನಲ್ಲಿ ಹೊರತನ್ನಿ.
• ಮೂತಿ ಎದ್ದಂತೆ ಅನಿಸಿದರೆ ಆ ಕ್ಷಣವೇ ಕ್ಲಚ್ ಒತ್ತಿ.
• ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸುವಾಗ ಎಳೆಯುವ ಟ್ರ್ಯಾಕ್ಟರಿನ ಕೆಳಗಿನ ಹುಕ್ಕಿಗೇ ಸರಪಳಿ ಹಾಕಿ. ಮೇಲೆ ಕಟ್ಟಿದರೆ ಅದೂ ಹಿಂದಕ್ಕೆ ಮಗುಚಬಹುದು. ಸರಪಳಿಯ ಹತ್ತಿರ ಯಾರೂ ನಿಲ್ಲಬಾರದು.
• ಕಟಾವು ಯಂತ್ರದಲ್ಲಿ ಹುಲ್ಲು ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡಿದ ಮೇಲೆಯೇ ಕೈ ಹಾಕಿ.

ಫಾರ್ವರ್ಡ್ ಮಾಡುವ ಮುನ್ನ

ಚೈನ್ ಗಾಡಿಯ ವಿಡಿಯೊ ಬಂದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಗಾಡಿಯ ಕೆಳಗೆ ಏನಿದೆ? ಕೆಸರೋ ಹಿಮವೋ ಆದರೆ ಚೈನ್ ನಿಮ್ಮ ಗೆಳೆಯ. ನೀರೋ ಖಾಲಿ ಜಾಗವೋ ಆದರೆ ಚೈನ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ವಿಡಿಯೊ ಕಳಿಸುವುದಾದರೆ ಈ ಎರಡು ಸಾಲನ್ನೂ ಜತೆಗೆ ಕಳಿಸಿ.