ನಾಲ್ಕು ಪುಟದ ಪತ್ರ, ಕಿವಿ ಕೇಳಿಸದ ಸಂಪಾದಕ

ಈ ವಾರದ ಮಾತು ಸ್ವಲ್ಪ ಸ್ವಂತದ್ದು, ಮಿಕ್ಕಿದ್ದು ಇತಿಹಾಸ. ವಿಡಿಯೋದಲ್ಲಿ ಆತುರದಲ್ಲಿ ಹೇಳಿ ಮುಗಿಸಿದ ಕೆಲವು ಸಂಗತಿಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ನಿಮ್ಮಲ್ಲಿ ಕೆಲವರಿಗೆ ಗೊತ್ತು, ಪುಣೆಯಲ್ಲಿರುವ ನಮ್ಮವರಿಗಾಗಿ ನಾನು ಪ್ರತಿ ಭಾನುವಾರ ಒಂದು ಇಮೇಲ್ ನ್ಯೂಸ್‌ಲೆಟರ್ ಕಳಿಸ್ತೀನಿ. ಮನೆ ಬಾಡಿಗೆ, ಶಾಲೆ ಅಡ್ಮಿಷನ್, ಹಬ್ಬಕ್ಕೆ ಹುಬ್ಬಳ್ಳಿ ಕಡೆ ಹೋಗುವ ಬಸ್ಸು, ಇಂಥವು. ಓದುಗರು ನಾನೂರು ಚಿಲ್ಲರೆ. ಕಳೆದ ವರ್ಷ ಇದೇ ಥರದ್ದು ಇನ್ನೂ ಮೂರು ಶುರುವಾದವು. ಅವುಗಳ ಡಿಸೈನ್ ನನ್ನದಕ್ಕಿಂತ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ನನ್ನದನ್ನು ತೆರೆದು ನೋಡುವವರ ಸಂಖ್ಯೆ ತಿಂಗಳು ತಿಂಗಳಿಗೂ ಇಳೀತಾ ಬಂತು. ಇಂಜಿನಿಯರ್ ಬುದ್ಧಿ ಬಿಡುತ್ತಾ? ಸಬ್ಜೆಕ್ಟ್ ಲೈನ್ ಎರಡು ಥರ ಮಾಡಿ ಅರ್ಧ ಜನಕ್ಕೊಂದು, ಇನ್ನರ್ಧಕ್ಕೊಂದು ಕಳಿಸಿ ನೋಡಿದೆ. ಇಮೋಜಿ ಹಾಕಿದೆ. ಕಳಿಸುವ ಹೊತ್ತು ಬದಲಿಸಿದೆ. ಎರಡು ವಾರ ಏರಿದ ಗ್ರಾಫ್ ಮೂರನೇ ವಾರ ಮತ್ತೆ ಮಲಗಿತು. ದೀಪಾವಳಿ ಹೊತ್ತಿಗೆ ನಿಲ್ಲಿಸಿಬಿಡೋಣ ಅಂತ ತೀರ್ಮಾನ ಮಾಡಿ, ವಿದಾಯದ ಪತ್ರವನ್ನೂ ಬರೆದಿಟ್ಟಿದ್ದೆ.

ಆಗ ಓದಿದ್ದು ಐ. ಎಫ್. ಸ್ಟೋನ್ ಕಥೆ.

1952ರ ಕೊನೆ, ಅಮೆರಿಕ. ಸೆನೆಟರ್ ಮೆಕಾರ್ಥಿಯ ಕಾಲ. ಎಡಪಂಥೀಯ ಅನ್ನೋ ಅನುಮಾನ ಬಂದರೆ ಸಾಕು, ಮೇಷ್ಟ್ರಿಂದ ಹಿಡಿದು ಸಿನಿಮಾ ಬರಹಗಾರರವರೆಗೆ ಯಾರ ಕೆಲಸ ಬೇಕಾದರೂ ಹೋಗುತ್ತಿತ್ತು. ಸ್ಟೋನ್ ಬರೆಯುತ್ತಿದ್ದ ಡೈಲಿ ಕಂಪಾಸ್ ಪತ್ರಿಕೆ ಆ ನವೆಂಬರ್‌ನಲ್ಲಿ ಮುಚ್ಚಿತು. ಅದಕ್ಕೂ ಮುಂಚೆ ಅವರಿದ್ದ ಪಿಎಂ, ನ್ಯೂಯಾರ್ಕ್ ಸ್ಟಾರ್ ಎರಡೂ ಮುಚ್ಚಿದ್ದವು. ವಯಸ್ಸು 44. ಕಾಲೇಜು ಅರ್ಧಕ್ಕೆ ಬಿಟ್ಟವರು. ಕಿವಿ ಮಂದ, ಕೇಳಲು ಯಂತ್ರ ಹಾಕಿಕೊಳ್ಳಬೇಕು. ಎಡಪಂಥೀಯರೆಂದು ಹೆಸರಾದವರು, ಎಫ್‌ಬಿಐ ಬೇರೆ ಅವರ ಮೇಲೆ ಕಣ್ಣಿಟ್ಟಿತ್ತು. ಅಂಥವರಿಗೆ ಯಾವ ಪತ್ರಿಕೆ ಕೆಲಸ ಕೊಡುತ್ತೆ?

ಕೈಯಲ್ಲಿದ್ದದ್ದು ಕಂಪಾಸ್ ಮುಚ್ಚಿದಾಗ ಸಿಕ್ಕ 3,500 ಡಾಲರ್, ಸ್ನೇಹಿತರೊಬ್ಬರು ಬಡ್ಡಿಯಿಲ್ಲದೆ ಕೊಟ್ಟ 3,000 ಡಾಲರ್ ಸಾಲ, ಮತ್ತೆ ಒಂದು ಪಟ್ಟಿ. ಈ ಪಟ್ಟಿಯೇ ನಿಜವಾದ ಬಂಡವಾಳ. ಮುಚ್ಚಿಹೋದ ಆ ಪತ್ರಿಕೆಗಳ ಚಂದಾದಾರರ ವಿಳಾಸಗಳು ಅದರಲ್ಲಿದ್ದವು. ಇವತ್ತಿನ ಭಾಷೆಯಲ್ಲಿ ಅದೇ ಸಬ್‌ಸ್ಕ್ರೈಬರ್ ಲಿಸ್ಟ್. ವರ್ಷಕ್ಕೆ 5 ಡಾಲರ್ ಅಂತ ಅವರಿಗೆಲ್ಲ ಕಾಗದ ಬರೆದರು. 5,300 ಜನ ದುಡ್ಡು ಕಳಿಸಿದರು. ಅವರಲ್ಲೊಬ್ಬರು ಆಲ್ಬರ್ಟ್ ಐನ್‌ಸ್ಟೈನ್. 1953ರ ಜನವರಿ 17ರಂದು ಐ. ಎಫ್. ಸ್ಟೋನ್ಸ್ ವೀಕ್ಲಿ ಮೊದಲ ಸಂಚಿಕೆ ಬಂತು. ನಾಲ್ಕೇ ಪುಟ, ಜಾಹೀರಾತು ಇಲ್ಲ. ವರದಿಗಾರ, ಸಂಪಾದಕ, ಪ್ರೂಫ್ ನೋಡುವವರು ಎಲ್ಲ ಅವರೇ. ಚಂದಾ ಲೆಕ್ಕ, ವಿಳಾಸ, ಅಂಚೆ, ಇಡೀ ವ್ಯವಹಾರ ಹೆಂಡತಿ ಎಸ್ತರ್ ಅವರದು. ಈ ಎರಡನೇ ಸಾಲನ್ನು ಸ್ಟೋನ್ ಬಗ್ಗೆ ಬರೆಯುವವರು ಬೇಗ ದಾಟಿಬಿಡ್ತಾರೆ. ಆದರೆ ಹೊತ್ತಿಗೆ ಸರಿಯಾಗಿ ಸಾವಿರಾರು ಜನಕ್ಕೆ ಪತ್ರ ತಲುಪಿಸೋದು ಎಂಥ ಕೆಲಸ ಅಂತ ನಾನೂರು ಜನಕ್ಕೆ ಕಳಿಸುವ ನನಗೇ ಗೊತ್ತು. ಒಂದು ತಮಾಷೆ ಏನಂದ್ರೆ, ಅಷ್ಟು ಅನುಮಾನದ ಕಾಲದಲ್ಲೂ ಅಂಚೆ ಇಲಾಖೆಯವರು ಪತ್ರಿಕೆಗಳಿಗೆ ಕೊಡುವ ಅಗ್ಗದ ಅಂಚೆ ದರವನ್ನು ಅವರಿಗೂ ಕೊಟ್ಟರು. ಅದಿಲ್ಲದಿದ್ದರೆ 5 ಡಾಲರ್ ಲೆಕ್ಕ ಕೂಡುತ್ತಲೇ ಇರಲಿಲ್ಲ.

ನಮ್ಮಲ್ಲೂ ಇಂಥದ್ದು ನಡೆದಿದೆ. ಪಿ. ಲಂಕೇಶ್ 1980ರಲ್ಲಿ ಜಾಹೀರಾತಿಲ್ಲದೆ ಓದುಗರ ದುಡ್ಡನ್ನೇ ನಂಬಿ ಪತ್ರಿಕೆ ತೆಗೆದರು. ನಮ್ಮ ಅಪ್ಪ ಅದನ್ನು ಕೊಂಡು ತಂದು, ಊಟಕ್ಕೆ ಕರೆದರೂ ಏಳದೆ ಓದುತ್ತಿದ್ದರು. ಆ ಕಥೆ ದೊಡ್ಡದು, ಇನ್ನೊಮ್ಮೆ.

ಈಗ ಪೈಪೋಟಿಯ ವಿಷಯಕ್ಕೆ ಬರೋಣ. ವಾಷಿಂಗ್ಟನ್‌ನಲ್ಲಿ ನ್ಯೂಸ್‌ಲೆಟರ್ ಅನ್ನೋದು ಸ್ಟೋನ್ ಕಂಡುಹಿಡಿದದ್ದೇನಲ್ಲ. ಕಿಪ್ಲಿಂಗರ್ ಪತ್ರ 1923ರಿಂದಲೇ ಇತ್ತು. ಟೈಪ್‌ರೈಟರ್ ಅಕ್ಷರ, ತುಂಡು ತುಂಡು ವಾಕ್ಯ, ಮುಖ್ಯ ಮಾತಿಗೆ ಅಡಿಗೆರೆ. ಸರ್ಕಾರದ ಒಳಗೆ ಏನು ನಡೀತಿದೆ, ಮುಂದೇನಾಗಬಹುದು ಅಂತ ವ್ಯಾಪಾರಸ್ಥರಿಗೆ ಹೇಳುವ ಪತ್ರ ಅದು. ದೊಡ್ಡ ಪತ್ರಿಕೆಗಳ ವರದಿಗಾರರಿಗೂ ಒಳಗಿನ ಸುದ್ದಿಯೇ ಬೇಕು. ಅದಕ್ಕೆ ಮಂತ್ರಿಗಳ ಜೊತೆ ಊಟ, ಅಧಿಕಾರಿಗಳ ಜೊತೆ ಸಂಜೆ ಪಾರ್ಟಿ. ಸ್ಟೋನ್‌ಗೆ ಆ ಬಾಗಿಲು ಮುಚ್ಚಿತ್ತು. ಅವರ ಜೊತೆ ಮಾತಾಡಿದರೆ ಅಧಿಕಾರಿಯ ಕೆಲಸಕ್ಕೇ ಕುತ್ತು. ಅಪ್ಪಿತಪ್ಪಿ ಯಾರಾದರೂ ಪಿಸುಗುಟ್ಟಿದರೂ ಆ ಕಿವಿಗೆ ಕೇಳಬೇಕಲ್ಲ! ಪತ್ರಿಕಾಗೋಷ್ಠಿಯಲ್ಲೂ ಅದೇ ಪಾಡು.

ಹಾಗಾಗಿ ಅವರು ಹಿಡಿದ ದಾರಿ ಓದುವುದು. ದಿನಕ್ಕೆ ರಾಶಿ ಪತ್ರಿಕೆ, ಸಂಸತ್ತಿನ ಚರ್ಚೆಯ ದಾಖಲೆ, ಸಮಿತಿಗಳ ಮುಂದೆ ಕೊಟ್ಟ ಹೇಳಿಕೆಯ ಪೂರ್ತಿ ಪ್ರತಿ, ಇಲಾಖೆಗಳ ವರದಿ. ಎಲ್ಲವೂ ಬಹಿರಂಗ, ಯಾರು ಬೇಕಾದರೂ ತರಿಸಿಕೊಳ್ಳಬಹುದಾದ ಕಾಗದ. ಯಾರೂ ಓದುತ್ತಿರಲಿಲ್ಲ, ಅಷ್ಟೇ. ಮಾರ್ಚ್‌ನಲ್ಲಿ ಇಲಾಖೆ ಹೇಳಿದ್ದನ್ನೂ ಅಕ್ಟೋಬರ್‌ನಲ್ಲಿ ಅದೇ ಇಲಾಖೆ ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟು, ಸುತ್ತ ಒಂದು ಚೌಕ ಹಾಕಿ ಅಚ್ಚು ಮಾಡುತ್ತಿದ್ದರು. ನಾವು ಎರಡು ವರ್ಷನ್ ಕೋಡ್ ನಡುವೆ ಡಿಫ್ ಹಾಕ್ತೀವಲ್ಲ, ಅದೇ.

1957ರ ಒಂದು ಉದಾಹರಣೆ ಹೇಳಲೇಬೇಕು. ಸೆಪ್ಟೆಂಬರ್ 19, ನೆವಾಡಾ ಮರುಭೂಮಿ. ಅಮೆರಿಕ ತನ್ನ ಪರೀಕ್ಷಾ ಕ್ಷೇತ್ರದಲ್ಲಿ ನೆಲದಡಿ ಅಣುಬಾಂಬ್ ಸಿಡಿಸಿತು. ಆ ಪರೀಕ್ಷೆಯ ಹೆಸರು ರೇನಿಯರ್. ಅಣು ಪರೀಕ್ಷೆ ನಿಲ್ಲಿಸುವ ಒಪ್ಪಂದದ ಮಾತು ನಡೆಯುತ್ತಿದ್ದ ಕಾಲ. ಬೇಡ ಅನ್ನುವವರ ವಾದ ಏನು? ನೆಲದಡಿ ಪರೀಕ್ಷೆ ಮಾಡಿದರೆ ದೂರದಿಂದ ಪತ್ತೆ ಹಚ್ಚೋಕಾಗಲ್ಲ, ರಷ್ಯಾ ಮೋಸ ಮಾಡಿದರೆ ಹೇಗೆ ಹಿಡಿಯೋದು, ಅಂತ. ಪರೀಕ್ಷೆಯ ಮರುದಿನದ ನ್ಯೂಯಾರ್ಕ್ ಟೈಮ್ಸ್ ವರದಿಯ ಬಾಲದಲ್ಲಿ ಸಣ್ಣ ಸಣ್ಣ ಸುದ್ದಿಗಳಿದ್ದವು: ಟೊರಾಂಟೊ, ರೋಮ್, ಟೋಕಿಯೊದಲ್ಲೂ ಕಂಪನ ದಾಖಲಾಗಿದೆ ಅಂತ. ಅಲ್ಲಿಗೆಲ್ಲ ತಂತಿ ಕಳಿಸಿ ವಿಚಾರಿಸೋಕೆ ಸ್ಟೋನ್ ಹತ್ತಿರ ದುಡ್ಡಿರಲಿಲ್ಲ. ಆ ತುಣುಕುಗಳನ್ನು ಎತ್ತಿಟ್ಟುಕೊಂಡು ಸುಮ್ಮನಾದರು.

ಮರುವರ್ಷ ಮಾರ್ಚ್‌ನಲ್ಲಿ ಅಣುಶಕ್ತಿ ಆಯೋಗದ ಹೇಳಿಕೆ ಬಂತು: ಆ ಸ್ಫೋಟ 200 ಮೈಲಿ ಆಚೆಗೆ ಪತ್ತೆಯಾಗಲಿಲ್ಲ. ಸ್ಟೋನ್ ತಮ್ಮ ತುಣುಕುಗಳನ್ನು ಹೊರತೆಗೆದರು. ಅಣುಶಕ್ತಿಗೆ ಸಂಬಂಧವೇ ಇಲ್ಲದ ಇನ್ನೊಂದು ಸರ್ಕಾರಿ ಕಚೇರಿಗೆ ಹೋದರು, ಕೋಸ್ಟ್ ಅಂಡ್ ಜಿಯೋಡೆಟಿಕ್ ಸರ್ವೆ. ಅಲ್ಲಿ ಭೂಕಂಪ ಅಳೆಯುವವರ ಹತ್ತಿರ ವರದಿಗಾರರು ಸುಳಿಯುವುದೇ ಅಪರೂಪ. ಖುಷಿಯಿಂದ ಪಟ್ಟಿ ಕೊಟ್ಟರು. ಹತ್ತಾರು ಕೇಂದ್ರಗಳಲ್ಲಿ ಕಂಪನ ದಾಖಲಾಗಿತ್ತು. ಅದರಲ್ಲೊಂದು 2,000 ಮೈಲಿಗೂ ದೂರದ ಅಲಾಸ್ಕಾ. ವಿಷಯ ಹೊರಬೀಳುತ್ತಿದ್ದಂತೆ ಆಯೋಗ ತನ್ನ ಅಂಕಿಯನ್ನು ತಿದ್ದಬೇಕಾಯಿತು. ಒಂದು ಮನೆಯಿಂದ ಹೊರಡುವ ನಾಲ್ಕು ಪುಟದ ಕಾಗದ, ಇಡೀ ಆಯೋಗವನ್ನು ತಿದ್ದಿಸಿತು.

ವಿಯೆಟ್ನಾಂ ವಿಷಯದಲ್ಲೂ ಇದೇ ರೀತಿ. ದಕ್ಷಿಣದ ಗೆರಿಲ್ಲಾಗಳನ್ನು ಹೊರಗಿನವರೇ ನಡೆಸುತ್ತಿದ್ದಾರೆ ಅಂತ ಸಾಧಿಸಲು ಅಮೆರಿಕ ಸರ್ಕಾರ 1965ರ ಫೆಬ್ರವರಿಯಲ್ಲಿ ಒಂದು ಶ್ವೇತಪತ್ರ ತಂದಿತು. ಸ್ಟೋನ್ ಅದರ ಅನುಬಂಧವನ್ನು ಕೂತು ಎಣಿಸಿದರು. ಸುಮಾರು ಒಂದೂವರೆ ವರ್ಷದಲ್ಲಿ ಸಿಕ್ಕ ಕಮ್ಯುನಿಸ್ಟ್ ದೇಶಗಳ ಆಯುಧ 179. ಪೆಂಟಗನ್ ಲೆಕ್ಕದ ಪ್ರಕಾರವೇ ಮೂರು ವರ್ಷದಲ್ಲಿ ವಶಪಡಿಸಿಕೊಂಡ ಒಟ್ಟು ಆಯುಧ 15,100. ಒಂದೂವರೆ ವರ್ಷಕ್ಕೆ 7,500 ಅಂತ ಹಿಡಿದರೂ 179 ಅಂದ್ರೆ ಶೇಕಡಾ ಎರಡೂವರೆಯೂ ಇಲ್ಲ. ರಹಸ್ಯ ಮೂಲ ಇಲ್ಲ, ಕೂಡು-ಭಾಗಿಸು ಅಷ್ಟೇ.

ಅವರು ಹೇಳಿದ್ದೆಲ್ಲ ಸರಿ ಅಂತ ನಾನು ಹೇಳ್ತಿಲ್ಲ. ಸೋವಿಯತ್ ರಷ್ಯಾ ವಿಷಯದಲ್ಲಿ ಮೊದಲ ವರ್ಷಗಳಲ್ಲಿ ಅವರ ಕಣ್ಣು ಅಷ್ಟು ಚುರುಕಾಗಿರಲಿಲ್ಲ. 1956ರಲ್ಲಿ ಹೋಗಿ ನೋಡಿ ಬಂದ ಮೇಲೆ, ಅದು ಒಳ್ಳೆಯ ಸಮಾಜವಲ್ಲ ಅಂತ ತಮ್ಮ ಪತ್ರದಲ್ಲೇ ಬರೆದರು. ಅದರಿಂದ ಒಂದಷ್ಟು ಚಂದಾದಾರರನ್ನು ಕಳಕೊಂಡರು. 5 ಡಾಲರ್ ಮೇಲೆ ಬದುಕುವವರು ತಮ್ಮ ಓದುಗರಿಗೇ ಹಿಡಿಸದ್ದನ್ನು ಬರೆಯೋದು ಸಣ್ಣ ಮಾತಲ್ಲ. ನನ್ನ ಕೈಲಿ ಆಗುತ್ತಿತ್ತೋ ಇಲ್ಲವೋ.

1971ರ ಡಿಸೆಂಬರ್‌ನಲ್ಲಿ, ಆರೋಗ್ಯ ಕೈಕೊಟ್ಟಿದ್ದರಿಂದ, ಸ್ಟೋನ್ ಪತ್ರಿಕೆ ನಿಲ್ಲಿಸಿದರು. ಆಗ ಚಂದಾದಾರರು ಸುಮಾರು 70,000. ಆಮೇಲೆ ಪ್ರಾಚೀನ ಗ್ರೀಕ್ ಕಲಿತು, 80ನೇ ವಯಸ್ಸಿನಲ್ಲಿ ಸಾಕ್ರೆಟಿಸ್ ವಿಚಾರಣೆಯ ಮೇಲೆ ಪುಸ್ತಕ ತಂದರು. 19 ವರ್ಷವೂ ಪತ್ರದ ರೂಪ ಸಾದಾ, ಹಳೇ ಕಾಲದ ಅಕ್ಷರ, ಕಿರುಚುವ ತಲೆಬರಹ ಇಲ್ಲ.

ಇಷ್ಟೆಲ್ಲ ಓದಿದ ಮೇಲೆ ನನ್ನ ನ್ಯೂಸ್‌ಲೆಟರ್ ಕಡೆ ನೋಡಿದರೆ ನಾಚಿಕೆಯಾಯಿತು. ಎರಡು ವರ್ಷದಲ್ಲಿ ನಾನೇ ಹುಡುಕಿ ಹಾಕಿದ ಸುದ್ದಿ ಒಂದು ಕೈ ಬೆರಳೆಣಿಕೆಯಷ್ಟೂ ಇರಲಿಲ್ಲ. ಎಲ್ಲರೂ ನೋಡಿದ್ದನ್ನೇ ನಾನೂ ಜೋಡಿಸಿ ಕಳಿಸ್ತಿದ್ದೆ. ಆ ಮೂವರೂ ಅದನ್ನೇ ಮಾಡ್ತಿದ್ದಾರೆ, ಇನ್ನೂ ಅಂದವಾಗಿ.

ಈಗ ವಾರಕ್ಕೆ ಮೂರು ರಾತ್ರಿ ಮರಾಠಿ ಪಿಡಿಎಫ್ ಓದ್ತೀನಿ. ಟೆಂಡರ್, ಸಭೆಯ ನಡಾವಳಿ, ಶಾಲಾ ಪ್ರವೇಶದ ಸುತ್ತೋಲೆ. ದೇವನಾಗರಿ ಗೊತ್ತು, ಸರ್ಕಾರಿ ಮರಾಠಿ ಕಷ್ಟ. ಆಫೀಸಿನಲ್ಲಿ ಸಾತಾರಾ ಕಡೆಯ ಸಹೋದ್ಯೋಗಿಯೊಬ್ಬರು ಊಟದ ಹೊತ್ತಲ್ಲಿ ಹೇಳಿಕೊಡ್ತಾರೆ. ಹೋದ ತಿಂಗಳು, ನಮ್ಮವರು ಬಹಳಷ್ಟು ಜನ ಇರುವ ಒಂದು ಬಡಾವಣೆಯ ನೀರಿನ ಪೈಪ್ ಕೆಲಸದ ಗಡುವು ಸದ್ದಿಲ್ಲದೆ ಎರಡನೇ ಸಲ ಮುಂದಕ್ಕೆ ಹೋಗಿರೋದು ಕಣ್ಣಿಗೆ ಬಿತ್ತು. ಹಳೇ ತಾರೀಕು, ಹೊಸ ತಾರೀಕು ಪಕ್ಕಪಕ್ಕ ಇಟ್ಟು, ಸುತ್ತ ಒಂದು ಚೌಕ ಹಾಕಿ ಕಳಿಸಿದೆ. ಸಬ್ಜೆಕ್ಟ್ ಲೈನಲ್ಲಿ ಇಮೋಜಿ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಹನ್ನೊಂದು ಉತ್ತರ ಬಂದಿದ್ದವು. ಅದರಲ್ಲೊಂದು ಅಲ್ಲೇ ಫ್ಲಾಟ್ ಬುಕ್ ಮಾಡಲು ಹೊರಟಿದ್ದ ಧಾರವಾಡದ ದಂಪತಿಯದು: "ಸರ, ಆ ಮೂಲ ಪಿಡಿಎಫ್ ಕಳಸ್ತೀರೇನ್ರಿ? ಬಿಲ್ಡರ್ ಮುಂದ ಇಡಬೇಕಾಗೇದ."