ಯಾರೂ ನೋಡದ ಬಟ್ಟೆಯ ಕಥೆ

ದರ್ಬಾರಿನ ಪೋಷಾಕಿನ ಬಗ್ಗೆ ಚರಿತ್ರೆಕಾರರು ಪುಟಗಟ್ಟಲೆ ಬರೆದಿದ್ದಾರೆ. ಮಲಗುವಾಗ ತೊಡುವ ಬಟ್ಟೆಯ ಬಗ್ಗೆ ಬರೆದವರು ಕಡಿಮೆ. ಮನೆಯಲ್ಲೇ ಹೊಲಿದು, ಹರಿಯುವವರೆಗೆ ತೊಟ್ಟು, ಕೊನೆಗೆ ನೆಲ ಒರೆಸಲು ಬಳಸುವ ಬಟ್ಟೆಗೆ ಎಂಥ ಚರಿತ್ರೆ ಎನ್ನಬಹುದು. ಆದರೆ ಭಾರತದ ಹತ್ತಿ, ಇಂಗ್ಲೆಂಡಿನ ಗಿರಣಿ, ಅಮೆರಿಕದ ಹೊಲಿಗೆ ಯಂತ್ರ ಮೂರರ ಕಥೆಯೂ ಅದರಲ್ಲಿ ಸೇರಿಕೊಂಡಿದೆ.

ಪೈಜಾಮವನ್ನೇ ತೆಗೆದುಕೊಳ್ಳಿ. ಪಾರಸಿಯಲ್ಲಿ ‘ಪಾಯ್’ ಎಂದರೆ ಕಾಲು, ‘ಜಾಮಾ’ ಎಂದರೆ ಉಡುಪು. ಉತ್ತರ ಭಾರತದಲ್ಲಿ ಇದು ಹಗಲಿನ ಮರ್ಯಾದಸ್ಥ ಉಡುಪು. ಇಲ್ಲಿಗೆ ಬಂದ ಐರೋಪ್ಯರು ಮನೆಯಲ್ಲಿ ಆರಾಮವಾಗಿರುವಾಗ ಮತ್ತು ಮಲಗುವಾಗ ಅದನ್ನು ತೊಡತೊಡಗಿದರು. ಯೂಲ್ ಮತ್ತು ಬರ್ನೆಲ್ ಅವರ ಪ್ರಸಿದ್ಧ ಪದಕೋಶ ‘ಹಾಬ್ಸನ್-ಜಾಬ್ಸನ್’ 1886ರಲ್ಲಿ ಹೊರಬಂದಾಗ ಈ ರೂಢಿಯೂ ಅದರಲ್ಲಿ ದಾಖಲಾಯಿತು. ಅಲ್ಲಿಯವರೆಗೆ ಇಂಗ್ಲೆಂಡಿನ ಗಂಡಸರು ರಾತ್ರಿ ತೊಡುತ್ತಿದ್ದುದು ಉದ್ದನೆಯ ನಿಲುವಂಗಿ. 19ನೇ ಶತಮಾನದ ಕೊನೆಯ ಹೊತ್ತಿಗೆ ಪೈಜಾಮ ಅದರ ಜಾಗವನ್ನು ಆಕ್ರಮಿಸತೊಡಗಿತು.

ಹೆಂಗಸರ ರಾತ್ರಿಯುಡುಪಿಗೂ ಹಸುಗೂಸಿನ ಅಂಗಿಗೂ ಅಲ್ಲಿ ಬಳಕೆಯಲ್ಲಿದ್ದ ಹಗುರ ಹತ್ತಿ ಬಟ್ಟೆಗಳಲ್ಲಿ ಒಂದರ ಹೆಸರು ‘ನೈನ್‌ಸೂಕ್’. ಇದು ನಮ್ಮ ‘ನಯನಸುಖ’ವೇ. ‘ಮಲ್’ ಎಂದರೆ ಮಲಮಲ್. ‘ಕ್ಯಾಲಿಕೊ’ ಎಂದರೆ ಕಲ್ಲಿಕೋಟೆಯ ಬಟ್ಟೆ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಇಲ್ಲಿಂದ ಹೋಗುತ್ತಿದ್ದ ಇಂಥ ಬಟ್ಟೆಗಳನ್ನು 19ನೇ ಶತಮಾನದಲ್ಲಿ ಲ್ಯಾಂಕಾಷೈರಿನ ಗಿರಣಿಗಳು ಅವೇ ಹೆಸರಿನಲ್ಲಿ ನೇಯ್ದವು, ನಮ್ಮ ಪೇಟೆಗೇ ತಂದು ಸುರಿದವು. ಬಟ್ಟೆಯ ಹೆಸರು ಉಳಿಯಿತು. ಅದನ್ನು ನೇಯುತ್ತಿದ್ದ ಎಷ್ಟೋ ಮಗ್ಗಗಳು ನಿಂತವು.

ಯಂತ್ರ ಬರುವ ಮೊದಲು ಯುರೋಪಿನ ಮನೆಗಳಲ್ಲಿ ರಾತ್ರಿಯಂಗಿ ಕತ್ತರಿಸುವ ಕ್ರಮ ನಮ್ಮ ಜುಬ್ಬವನ್ನು ನೆನಪಿಸುವಂತಿತ್ತು. ಮೈ, ತೋಳು ಎಲ್ಲವೂ ನೇರ ಆಯತಗಳು. ಕೈ ಸಲೀಸಾಗಿ ಆಡಲು ಕಂಕುಳಲ್ಲಿ ಒಂದು ಚೌಕ ತುಂಡು. ಬಟ್ಟೆ ದುಬಾರಿಯಾಗಿದ್ದ ಕಾಲದಲ್ಲಿ ಒಂದು ಚೂರೂ ವ್ಯರ್ಥವಾಗಬಾರದೆಂಬ ಲೆಕ್ಕಾಚಾರ ಅದು. 1851ರಲ್ಲಿ ಐಸಾಕ್ ಸಿಂಗರ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಕಂತಿನ ಮೇಲೆ ಮಾರಾಟ ಆರಂಭವಾದ ಮೇಲೆ ಯಂತ್ರ ಸಾಧಾರಣ ಮನೆಗಳಿಗೂ ಬಂತು. 1863ರಲ್ಲಿ ಎಬೆನೆಜರ್ ಬಟರಿಕ್ ಎಂಬ ಅಮೆರಿಕದ ದರ್ಜಿ ಬೇರೆಬೇರೆ ಅಳತೆಯ ಕಾಗದದ ಮಾದರಿಗಳನ್ನು ಮಾರತೊಡಗಿದ. ಬಟ್ಟೆಯ ಮೇಲೆ ಕಾಗದ ಇಟ್ಟು ಕತ್ತರಿಸಿದರಾಯಿತು. ದರ್ಜಿಯ ಗುಟ್ಟು ಗೃಹಿಣಿಯ ಕೈಗೆ ಬಂತು. ಯಂತ್ರಗಳ ಮೋಹವನ್ನು ವಿರೋಧಿಸಿದ ಗಾಂಧೀಜಿ ಕೂಡ 1924ರ ಒಂದು ಸಂವಾದದಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು.

ಮನೆಹೊಲಿಗೆಯ ಬೆಲೆ ಗೊತ್ತಾಗುವುದು ಕಷ್ಟಕಾಲದಲ್ಲಿ. ಎರಡನೇ ಮಹಾಯುದ್ಧದಿಂದಾಗಿ ಬ್ರಿಟನ್ನಿನಲ್ಲಿ 1941ರಿಂದ 1949ರವರೆಗೆ ಬಟ್ಟೆಗೆ ರೇಷನ್ ಇತ್ತು. ಸೈನ್ಯಕ್ಕೆ ಬೇಡವಾದ ಪ್ಯಾರಾಚೂಟಿನ ರೇಷ್ಮೆ, ನೈಲಾನ್ ಸಿಕ್ಕಾಗ ಅಲ್ಲಿನ ಹೆಂಗಸರು ಅದರ ಮುಮ್ಮೂಲೆ ತುಂಡುಗಳನ್ನೇ ಜೋಡಿಸಿ ರಾತ್ರಿಯುಡುಪು, ಒಳ ಉಡುಪು ಹೊಲಿದುಕೊಂಡರು. ಒಂದು ಕಾಲದಲ್ಲಿ ಜಗತ್ತಿಗೆಲ್ಲ ಬಟ್ಟೆ ಮಾರಿದ ದೇಶದ ಮನೆಗಳಲ್ಲಿ ಚೂರುಪಾರು ಬಟ್ಟೆಯೂ ಭಾಗ್ಯವಾಗಿತ್ತು.

ತೆಳು ಬಟ್ಟೆಯನ್ನು ಹೊಲಿಯಲು ತಾಳ್ಮೆ ಬೇಕು. ಅದರ ಅಂಚು ಬೇಗ ಎಳೆ ಬಿಡುತ್ತದೆ. ಆದ್ದರಿಂದ ಬಲ್ಲವರು ಎರಡು ಸಲ ಹೊಲಿಯುತ್ತಾರೆ. ಮೊದಲು ಒಳಮೈಗಳನ್ನು ಸೇರಿಸಿ ಹೊರಗಿನಿಂದ ಒಂದು ಹೊಲಿಗೆ. ಬಳಿಕ ಅಂಚು ಸವರಿ, ಬಟ್ಟೆ ಮಗುಚಿ, ಒಳಗಿನಿಂದ ಇನ್ನೊಂದು. ಎಳೆಗಳೆಲ್ಲ ಮಡಿಕೆಯೊಳಗೆ ಅಡಗುತ್ತವೆ, ಮಲಗಿದಾಗ ಮೈಗೆ ಒತ್ತುವುದಿಲ್ಲ. ಯಾರೂ ನೋಡದ ಬಟ್ಟೆಗೆ ಇಷ್ಟು ಶ್ರಮ ಏಕೆ ಎಂದರೆ, ತೊಟ್ಟವರ ನಿದ್ದೆಗಾಗಿ ಅಷ್ಟೆ.

ಈ ಮಾತು ನಮ್ಮ ಅಜ್ಜಿಯರಿಗೆ ಪುಸ್ತಕ ಓದದೆಯೇ ಗೊತ್ತಿತ್ತು. ಬಾಣಂತಿ ಕೋಣೆಯ ಕೂಸಿಗೆ ಅವರು ಹೊಸ ಬಟ್ಟೆ ತರುತ್ತಿರಲಿಲ್ಲ. ಒಗೆದು ಒಗೆದು ಮೆತ್ತಗಾದ ಪಂಚೆಯನ್ನೋ ಸೀರೆಯನ್ನೋ ಹರಿದು ಅಂಗಿ ಹೊಲಿಯುತ್ತಿದ್ದರು. ಇಂದು ಸಿದ್ಧ ನೈಟಿ, ಪೈಜಾಮ ಪೇಟೆಯ ತುಂಬ ಸಿಗುತ್ತವೆ. ಆದರೂ ಮೆತ್ತನೆಯ ಹಳೆಯ ಬಟ್ಟೆಯೊಂದು ಕೈಗೆ ಸಿಕ್ಕಾಗ ಎಸೆಯಲು ಮನಸ್ಸು ಬರುವುದಿಲ್ಲ. ನಯನಕ್ಕಿಂತ ಮೈಗೆ ಸುಖ ಕೊಡುವ ಬಟ್ಟೆ ಅದು.