ರಾಯದುರ್ಗ–ಮಡಕಶಿರಾ: ವಿಮಾನದೂರ, ಪ್ರಯಾಣಕಾಲ

ಆಂಧ್ರಪ್ರದೇಶದ ಕನ್ನಡ ಗಡಿಸೀಮೆಯ ಈ ಎರಡು ಪಟ್ಟಣಗಳಲ್ಲಿ ಯಾವುದಕ್ಕೂ ವಿಮಾನ ನಿಲ್ದಾಣವಿಲ್ಲ. ಇವುಗಳ ನಡುವಿನ ವಿಮಾನದೂರವೆಂದರೆ ಅಕ್ಷಾಂಶ, ರೇಖಾಂಶ ಹಿಡಿದು ಲೆಕ್ಕ ಹಾಕಿದ ನೇರ ದೂರ, ಸುಮಾರು 95 ಕಿ.ಮೀ. ಗಂಟೆಗೆ 800 ಕಿ.ಮೀ. ಜೆಟ್ ವೇಗದಿಂದ ಭಾಗಿಸಿದರೆ ಏಳು ನಿಮಿಷ ಬರುತ್ತದೆ. ಆ ಏಳು ನಿಮಿಷ ಕಾಗದದ ಮೇಲಷ್ಟೇ. ಮೆಟ್ರೊ ನಿಲ್ದಾಣವಿರುವ ಹೈದರಾಬಾದಿನ ರಾಯದುರ್ಗ ಬೇರೆಯದೇ ಜಾಗ. ಎರಡನ್ನೂ ಬೆರೆಸಿದರೆ ಲೆಕ್ಕ ನೂರಾರು ಕಿ.ಮೀ. ತಪ್ಪುತ್ತದೆ.

ಎರಡೂ ಅನಂತಪುರ ಜಿಲ್ಲೆಯವು ಎಂಬ ಮಾತು ಎಲ್ಲ ಕಾಲಕ್ಕೂ ಸಲ್ಲದು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಬೇರೆಯಾದಾಗ ಮಡಕಶಿರಾ ಹೊಸ ಜಿಲ್ಲೆಗೆ ಸೇರಿತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. ರಾಯದುರ್ಗ ಅನಂತಪುರಕ್ಕೆ ಬಂದ ವರ್ಷ 1956 ಎಂದು ಕೆಲವೆಡೆ ದಾಖಲಾಗಿದೆ. ಆದರೆ ಆ ತಾಲ್ಲೂಕನ್ನು ಅನಂತಪುರಕ್ಕೆ ಸೇರಿಸಿದ್ದು 1953ರ ಆಂಧ್ರ ರಾಜ್ಯ ಕಾಯ್ದೆ. ಜಾರಿಯಾದದ್ದು ಅದೇ ವರ್ಷದ ಅಕ್ಟೋಬರ್ 1ರಂದು. ಕಾಯ್ದೆಯ ಮಾತನ್ನೇ ಒಪ್ಪಬೇಕು. 2022ರ ಏಪ್ರಿಲ್ 4ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ.

ಈ ಸೀಮೆಯಲ್ಲಿ ನೇರ ದೂರದ ಅಳತೆ ವಿಮಾನಕ್ಕಿಂತ ಎಷ್ಟೋ ಹಳೆಯದು. ವಿಲಿಯಂ ಲ್ಯಾಂಬ್ಟನ್ ತನ್ನ ತ್ರಿಕೋನಮಿತಿ ಸರ್ವೆಗಾಗಿ 1804ರಲ್ಲಿ ಬೆಂಗಳೂರಿನ ಬಳಿ, 1811ರಲ್ಲಿ ಗುತ್ತಿಯ ಬಳಿ ಆಧಾರರೇಖೆಗಳನ್ನು ಅಳೆಸಿದ್ದ.

ವಿಮಾನಯಾನ ಬೆಳೆದದ್ದು ಈ ಊರುಗಳ ಹೊರಗೆ. 1990ರಲ್ಲಿ ತೆರೆದ ಪುಟ್ಟಪರ್ತಿಯ ನಿಲ್ದಾಣ ಮಡಕಶಿರಾದಿಂದ ನೇರಕ್ಕೆ 60 ಕಿ.ಮೀ. ಆಸುಪಾಸಿನಲ್ಲಿದ್ದರೂ ಅಲ್ಲಿ ನಿಯತ ಸೇವೆ ನೆಲೆಯೂರಲಿಲ್ಲ. ನಿಜವಾದ ತಿರುವು 2008ರ ಮೇ 24. ಅಂದು ಬೆಂಗಳೂರಿನ ಪ್ರಯಾಣಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣ ಬಿಟ್ಟು ದೇವನಹಳ್ಳಿಗೆ ಬಂದವು. ನಿಲ್ದಾಣ ತೀರ ದೂರವಾಯಿತೆಂದು ಬೆಂಗಳೂರಿನವರು ಗೊಣಗುತ್ತಿದ್ದರೆ ಮಡಕಶಿರಾಕ್ಕೆ ಅದು ಹತ್ತಿರವಾಯಿತು: ನೇರ ದೂರ ಸುಮಾರು 117ರಿಂದ 94 ಕಿ.ಮೀ.ಗೆ ಇಳಿಯಿತು. ಹಿಂದೂಪುರ, ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿದರೆ ದೇವನಹಳ್ಳಿ; ನಗರದ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳಬೇಕಿಲ್ಲ. ಸಮಯ ಉಳಿದದ್ದು ಈ ಗಡಿರಸ್ತೆಯಲ್ಲೇ ಹೊರತು ಆಕಾಶದಲ್ಲಲ್ಲ. ರಾಯದುರ್ಗಕ್ಕೆ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣವೇ ಸಮೀಪ, ನೇರಕ್ಕೆ 60 ಕಿ.ಮೀ. ಒಳಗೆ. ಉಡಾನ್ ಯೋಜನೆಯಡಿ 2017ರಲ್ಲಿ ಅಲ್ಲಿಂದ ಹೈದರಾಬಾದಿಗೆ ವಿಮಾನ ಹಾರಿತು.

ದೇವನಹಳ್ಳಿಯನ್ನೇ ನೆಚ್ಚಿದ ಈ ಸೀಮೆಯಲ್ಲಿ, ಪರದೇಶದಲ್ಲಿ ಮಕ್ಕಳಿರುವ ಮನೆಗಳಿಗೆ 2021ರ ಜನವರಿ ಮುಖ್ಯವಾಯಿತು. ಏರ್ ಇಂಡಿಯಾದ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ 9ರ ರಾತ್ರಿ ಹೊರಟು, ಉತ್ತರ ಧ್ರುವದ ಮೇಲಿನಿಂದ ಹಾದು, 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಕಾಕ್‌ಪಿಟ್ಟಿನಲ್ಲಿದ್ದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳೆಯರೇ. ನೇರ ದೂರ 13,993 ಕಿ.ಮೀ., ಹಾರಾಟದ ಅವಧಿ 17 ಗಂಟೆಯ ಆಸುಪಾಸು; ಗಾಳಿಯ ವೇಗ ನೋಡಿಕೊಂಡು ಅದು ಏರಿಳಿಯುತ್ತದೆ. ಎರಡು ತಾರೀಕು ಕಳೆದಂತೆ ಕಾಣುವುದು ಹದಿಮೂರೂವರೆ ಗಂಟೆಯ ಸಮಯಭೇದದಿಂದ.

ಎರಡೂ ಪಟ್ಟಣಗಳನ್ನು ನೆಲದ ಮೇಲೆ ಜೋಡಿಸಲು 2007–08ರಲ್ಲಿ ಮಂಜೂರಾದದ್ದು 207 ಕಿ.ಮೀ. ಉದ್ದದ ತುಮಕೂರು–ರಾಯದುರ್ಗ ರೈಲುಮಾರ್ಗ. ವೆಚ್ಚದ ಅರ್ಧ ಪಾಲು ರಾಜ್ಯಗಳದು. ಕಲ್ಯಾಣದುರ್ಗದ ಕಡೆಯ ಹಳಿ ಮೊದಲು ಸಿದ್ಧವಾಯಿತು. ಲೆಕ್ಕದ ನೇರ ಗೆರೆ ದಾಟುವ, ಕರ್ನಾಟಕಕ್ಕೆ ಸೇರಿದ ಪಾವಗಡ ತಾಲ್ಲೂಕನ್ನೇ ಈ ಮಾರ್ಗವೂ ಹಾಯುತ್ತದೆ.